ಅಣಬೆಯ ಮೊದಲ ತುತ್ತು

ಕರೆಪ್ಪನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮಲ್ಲಿಗೆಯದಾಗಲಿ ಸತ್ತ ಇಲಿಯದಾಗಲಿ, ಯಾವುದೂ. ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯಲ್ಲಿ ದೇಶವೆಲ್ಲ ಹಬ್ಬಿದ ಮಾನಮೋಡಿ ಎಂಬ ಫ್ಲೂ ಜ್ವರದಲ್ಲಿ ಹುಕ್ಕೇರಿ ಕಡೆಯ ಅವನ ಊರಿನಲ್ಲಿ ಮನೆಗೊಬ್ಬರಂತೆ ಸತ್ತಾಗ ಅವನು ಬದುಕಿಕೊಂಡ, ಮೂಗು ಸತ್ತಿತು. ಆಗ ಅವನಿಗೆ ಒಂಬತ್ತು ವರ್ಷ, ಈಗ ಇಪ್ಪತ್ತಾರು. ಇದು ಸರಿಯಾಗಿ ಗೊತ್ತಿದ್ದವಳು ಅವನ ತಾಯಿ ಒಬ್ಬಳೇ. ಯಾರ ಮುಂದೆಯೂ ಬಾಯಿ ಬಿಡಬೇಡ, ಬಿಟ್ಟರೆ ಹೆಣ್ಣು ಕೊಡುವುದಿಲ್ಲ ಎಂದು ಅವಳು ಹೇಳಿಕೊಟ್ಟಿದ್ದಳು. ಹೆಣ್ಣು ಕೊಟ್ಟರು. ನಾಗನೂರಿನ ಭೀಮರಾಯ ಗಂಡುಮಕ್ಕಳಿಲ್ಲದವನು, ಅರವತ್ತು ಕುರಿ, ನಾಲ್ಕು ಎಕರೆ ಹೊಲ, ಒಬ್ಬಳೇ ಮಗಳು ಕೆಂಪವ್ವ. ಕರೆಪ್ಪ ಮನೆ ಅಳಿಯನಾಗಿ ಬಂದು ನಾಲ್ಕು ವರ್ಷವಾಗಿತ್ತು. ತಾಯಿ ಹೋಗಿ ಎರಡು ವರ್ಷ. ಗುಟ್ಟು ಈಗ ಅವನೊಬ್ಬನದೇ ಎಂದು ಅವನು ತಿಳಿದಿದ್ದ.

ಎರಡು ದಿನ ಗುಡುಗಿ ಮಳೆ ಬಿದ್ದು ಮೂರನೆಯ ಬೆಳಗ್ಗೆ ಬಿಸಿಲು ಬಿದ್ದಿತ್ತು. ಕಟ್ಟೆಯ ಮೇಲೆ ಕೂತು ಅವನು ಉಣ್ಣೆ ಕತ್ತರಿಸುವ ಕತ್ತರಿಗೆ ಎಣ್ಣೆ ಸವರುತ್ತಿದ್ದ. ಸವರುವ ಅಗತ್ಯವಿರಲಿಲ್ಲ, ನಿನ್ನೆಯೂ ಸವರಿದ್ದ. ಮುಂಜಾನೆ ಕೆಂಪವ್ವ ಅಂಗಳದಲ್ಲಿ ನಿಂತು ಮುಖ ಎತ್ತಿ, ಹುಣಸೆ ಮರದ ಕಡೆಯಿಂದ ಗಾಳಿ ಬರುತ್ತಿದೆ, ಅಣಬೆ ಎದ್ದಿವೆ ಎಂದಿದ್ದಳು. ಅವಳ ಮೂಗಿನ ಹೊಳ್ಳೆಗಳು ಅರಳಿ ಮುಚ್ಚಿದ್ದನ್ನು ಅವನು ನೋಡಿದ್ದ. ಹೂಂ ಎಂದಿದ್ದ. ಹೊಳ್ಳೆ ಅರಳಿಸುವುದನ್ನು ಅವನೂ ಕಲಿತಿದ್ದ; ಉಳಿದವರು ಯಾವಾಗ ಅರಳಿಸುತ್ತಾರೋ ಆಗ ಒಂದು ಗಳಿಗೆ ತಡೆದು ಅರಳಿಸಬೇಕು, ಮೊದಲು ಮಾಡಬಾರದು. ಒಮ್ಮೆ ಮೂಡಲಗಿಯ ಸಂತೆಯಲ್ಲಿ ಕಂಬಳಿ ಮಾರಿ ಇಂಗು ಕೊಂಡಿದ್ದ. ಅಂಗಡಿಯವನು ಮೂಗಿನ ಹತ್ತಿರ ಹಿಡಿದಾಗ ತಲೆ ಹಿಂದೆಳೆದುಕೊಂಡು ಕಣ್ಣು ಕಿರಿದು ಮಾಡಿ, ಕಡಕ್ ಐತಿ ಎಂದಿದ್ದ. ಮನೆಗೆ ತಂದರೆ ಅದು ಬರೀ ಗೋಂದು. ಕೆಂಪವ್ವ ನಕ್ಕಿದ್ದಳು. ಭೀಮರಾಯ ನಕ್ಕಿರಲಿಲ್ಲ. ಗೋಂದಿನ ಉಂಡೆಯನ್ನು ಬೆರಳ ನಡುವೆ ತಿರುಗಿಸುತ್ತ ಅಳಿಯನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಕುರಿಗಳ ಕಡೆ ಹೋಗಿದ್ದ. ಆ ನೋಟ ಕರೆಪ್ಪನಿಗೆ ಇನ್ನೂ ಬೆನ್ನ ಮೇಲೆ ತುರಿಸುತ್ತಿತ್ತು. ಮರುವಾರ ಕುರಿ ಮಾರುವ ನೆವದಲ್ಲಿ ಗೋಕಾಕಕ್ಕೆ ಹೋಗಿ ದವಾಖಾನೆಯಲ್ಲಿ ಸಾಲಿನಲ್ಲಿ ನಿಂತಿದ್ದ. ಕಂಪೌಂಡರ್ ಒಂದು ಬಾಟಲಿಯ ಬಿರಡೆ ತೆಗೆದು ಮೂಗಿಗೆ ಹಿಡಿದು, ವಾಸನೆ ಬರುತ್ತದೆಯೇ ಎಂದು ಕೇಳಿದ. ಹಿಂದೆ ಜನ ನಿಂತಿದ್ದರು. ಬರತೈತ್ರಿ ಎಂದು ಹೇಳಿ ಬಂದುಬಿಟ್ಟ. ಔಷಧ ಕೇಳಲು ಹೋದವನು ಅಲ್ಲಿಯೂ ಸುಳ್ಳೇ ಹೇಳಿದ್ದ.

ಒಳಗೆ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಾವ ಮಲಗಿದ್ದ. ಯುಗಾದಿ ಆದ ಮೇಲೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಎಡಗೈ ಮಾತ್ರ ಆಡುತ್ತಿತ್ತು. ಆರು ದಿನದಿಂದ ಅಂಬಲಿಗೆ ಬಾಯಿ ತೆರೆದಿರಲಿಲ್ಲ. ಕೆಂಪವ್ವ ಚಮಚೆಯಿಂದ ತುಟಿ ಬಿಡಿಸಿ ಹಾಕಿದರೆ ಕೆನ್ನೆಯ ಮೇಲೆ ಇಳಿದು ಬರುತ್ತಿತ್ತು. ಅವಳಿಗೆ ಉಳಿದಿದ್ದ ಆಸೆ ಒಂದೇ. ಅಣಬೆ ಎದ್ದರೆ ಅಪ್ಪ ಉಣ್ಣುತ್ತಾನೆ, ಅಣಬೆಯ ಸಾರಿಗೆ ಅವನು ಯಾವತ್ತೂ ಇಲ್ಲ ಎಂದವನಲ್ಲ. ಇದನ್ನು ಅವಳು ಆರು ದಿನದಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಮಳೆ ಬಾರದಿರಲಿ ಎಂದು ಕರೆಪ್ಪ ಎರಡು ಸಲ ಅಂದುಕೊಂಡಿದ್ದ. ಮುದುಕ ಉಣ್ಣಬಾರದು ಎಂದಲ್ಲ. ಅಣಬೆ ಎದ್ದರೆ ಅದು ಮೊದಲು ತನ್ನ ಮುಂದೆ ಬರುತ್ತದೆ ಎಂದು.

ಅದು ಆ ಓಣಿಯ ಕಟ್ಟುಪಾಡು. ಹನ್ನೆರಡು ವರ್ಷದ ಹಿಂದೆ ಯಾವುದೋ ಮರದ ಬುಡದ ಅಣಬೆ ತಿಂದು ಅದೇ ಓಣಿಯ ಒಂದು ಮನೆಯಲ್ಲಿ ಮೂವರು ಸತ್ತಿದ್ದರು. ಆಗ ಹಿರಿಯರು ಕೂತು ಮಾತಾಡಿದರು: ಎದ್ದ ಅಣಬೆಯನ್ನು ಒಬ್ಬ ಗಂಡಸು ನೋಡಿ ಹೂಂ ಅನ್ನಬೇಕು, ಹೂಂ ಅಂದವನು ಎಲ್ಲರೆದುರು ಮೊದಲ ತುತ್ತು ಉಣ್ಣಬೇಕು, ಆಮೇಲೆ ಉಳಿದ ಮನೆಗಳ ಒಲೆ ಹೊತ್ತಬೇಕು. ಅವನ ಮಾತು ಓಣಿಯ ಹನ್ನೆರಡು ಮನೆಗೂ ಒಂದೇ. ಹೆಂಗಸರಿಗೆ ವಾಸನೆ ತಿಳಿಯುವುದಿಲ್ಲ ಎಂದು ಯಾರೂ ಅಂದಿರಲಿಲ್ಲ, ಆದರೆ ಅವರ ಮಾತು ಕಟ್ಟಿನಲ್ಲಿ ಬರುತ್ತಿರಲಿಲ್ಲ. ಅಷ್ಟೂ ವರ್ಷ ಭೀಮರಾಯನೇ ಆ ಕೆಲಸ ಮಾಡಿದ. ಒಂದು ಅಣಬೆಯ ಕಾಂಡ ಮುರಿದು ಮೂಗಿಗಿಟ್ಟು ಕಣ್ಣು ಮುಚ್ಚುತ್ತಿದ್ದ. ಸರಿಯಿದ್ದರೆ ಹೆಂಡತಿಯ ಕೈಗೆ, ಅವಳು ಸತ್ತ ಮೇಲೆ ಮಗಳ ಕೈಗೆ ಕೊಡುತ್ತಿದ್ದ. ಸರಿಯಿಲ್ಲದಿದ್ದರೆ ಅಂಗೈಯಿಂದ ಬುಟ್ಟಿಗೆ ಹೊಡೆದು ಬೋರಲು ಮಾಡುತ್ತಿದ್ದ, ಮಾತಾಡುತ್ತಿರಲಿಲ್ಲ. ಈ ವರ್ಷ ಅಳಿಯ ನೋಡುತ್ತಾನೆ ಎಂದು ಎಲ್ಲರೂ ತಾವಾಗಿಯೇ ಅಂದುಕೊಂಡಿದ್ದರು. ನಿನಗೆ ಆಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಈ ಮನೆಯಲ್ಲಿ ಅವನನ್ನು ಯಾವುದಕ್ಕೂ ಕೇಳಿರಲಿಲ್ಲ.

ಅವನು ತಯಾರಾಗಿರಲಿಲ್ಲವೆಂದಲ್ಲ. ಮೂರು ವರ್ಷ ಮಾವನ ಪಕ್ಕದಲ್ಲಿ ನಿಂತು ಕಣ್ಣಿನಿಂದ ಕಲಿತಿದ್ದ. ಹುಣಸೆ ಮರದ ಬುಡದ ಹುತ್ತದಲ್ಲಿ ಏಳುವುದು ಒಳ್ಳೆಯದು. ಅದರ ನೆತ್ತಿ ಚೂಪು, ಕಾಂಡದ ಕೆಳಗೆ ಹುತ್ತದೊಳಕ್ಕೆ ಒಂದು ಗೇಣಿನಷ್ಟು ಉದ್ದದ ಬೇರು ಇಳಿದಿರುತ್ತದೆ. ಕೆಟ್ಟದ್ದಕ್ಕೆ ಬೇರಿಲ್ಲ, ಬುಡದಲ್ಲಿ ಚೀಲದ ಹಾಗೆ ಗಂಟು, ಕಾಂಡದ ಕುತ್ತಿಗೆಯಲ್ಲಿ ಬಳೆಯಂಥ ಸುತ್ತು. ಮೂಗಿನ ಕೆಲಸ ಕಣ್ಣಿನಿಂದ ಆಗುತ್ತದೆ ಎಂದು ಅವನು ನಂಬಿದ್ದ. ಬೇರು ನೋಡುವುದು, ಮೂಗಿಗೆ ಹಿಡಿಯುವುದು, ಕಣ್ಣು ಮುಚ್ಚುವುದು. ಯಾರಿಗೆ ತಿಳಿಯುತ್ತದೆ.

ಓಣಿಯ ತುದಿಯಲ್ಲಿ ಹೆಂಗಸರ ಮಾತು ಕೇಳಿಸಿತು. ಎಲ್ಲರಿಗಿಂತ ಮುಂದೆ ಎದುರು ಮನೆಯ ಉದ್ದವ್ವ, ಪರಸಪ್ಪನ ಹೆಂಡತಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು.

"ಅಳಿಯಾರ, ಎಣ್ಣಿ ಹಚ್ಚೂದ ಸಾಕ್ರಿ, ಆ ಕತ್ತರಿದೇನ ಇವತ್ತ ಮದಿವಿ ಐತೇನ? ಕೈ ತೊಳಕೊಂಡ ಬರ್ರಿ, ಹನ್ನೆರಡ ಮನಿ ಒಲಿ ಕಾಯಾಕತ್ತಾವ."

ಹೆಂಗಸರು ನಕ್ಕರು. ಅವನೂ ನಕ್ಕು ಕೈ ತೊಳೆದು ಬಂದು ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ, ಮಾವ ಕೂರುತ್ತಿದ್ದ ಹಾಗೆಯೇ. ಬುಟ್ಟಿಯಲ್ಲಿ ಕೈಯಾಡಿಸಿದ. ಒಂದನ್ನು ತೆಗೆದ, ಇನ್ನೊಂದನ್ನು ತೆಗೆದ, ತಳದಿಂದ ಒಂದನ್ನು ಎಳೆದ. ಯಾವುದಕ್ಕೂ ಬೇರಿರಲಿಲ್ಲ. ಎಲ್ಲವೂ ನಡು ಕಾಂಡಕ್ಕೆ ಮುರಿದಿದ್ದವು. ನೆತ್ತಿಗಳು ಒಂದರ ಮೇಲೊಂದು ಬಿದ್ದು ಒಡೆದು, ಕೆಸರು ಮೆತ್ತಿ, ಚೂಪೋ ಮೊಂಡೋ ಗೊತ್ತಾಗದಂತಾಗಿದ್ದವು. ಬೇರು ಎಲ್ಲಿ ಎಂದು ಕೇಳಿದ. ತನ್ನ ಧ್ವನಿ ಗಟ್ಟಿಯಾದದ್ದು ತನಗೇ ಕೇಳಿಸಿತು.

"ಬೇರ ಉಣ್ತೀರೇನ್ರಿ?" ಎಂದಳು ಉದ್ದವ್ವ. "ಕೆಸರ ಮೊಣಕಾಲತನಾ ಇತ್ತು, ಕೈಗೆ ಬಂದಷ್ಟ ಮುರಕೊಂಡ ಬಂದೇವಿ. ನಿಮ್ಮ ಮಾವ ಎಂದೂ ಬೇರ ಕೇಳಿದ್ದಿಲ್ಲ. ಮೂಗ ಇಟ್ಟ ಹೇಳತಿದ್ದ."

ಅವನು ಒಂದು ಕಾಂಡ ಮುರಿದು ಮೂಗಿಗೆ ಹಿಡಿದ. ತಣ್ಣಗಿತ್ತು. ತೇವವಿತ್ತು. ಮಣ್ಣಿನ ಒಂದು ಹರಳು ಮೂಗಿನ ತುದಿಗೆ ಅಂಟಿತು. ಅದನ್ನು ಒರೆಸಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಉಸಿರು ಎಳೆದಷ್ಟೂ ಗಾಳಿ ಬಂತು, ಗಾಳಿಯ ಹೊರತು ಏನೂ ಬರಲಿಲ್ಲ. ಕಣ್ಣು ಮುಚ್ಚಿದಾಗ ಹುಕ್ಕೇರಿ ಕಡೆಯ ಊರಿನ ಹುಡುಗರು ಅವನ ಕೈಗೆ ಒಂದು ಪೊಟ್ಟಣ ಕೊಟ್ಟು ಮೂಸು ಎಂದದ್ದು, ಅವನು ಮೂಸಿ ಚಲೋ ಐತಿ ಎಂದದ್ದು, ಅವರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದು ನಕ್ಕದ್ದು, ಮನೆಗೆ ಬಂದಾಗ ತಾಯಿ ಅವನ ಕೈಯನ್ನು ಬೂದಿ ಹಾಕಿ ಹಾಕಿ ತೊಳೆದದ್ದು ಎಲ್ಲವೂ ಬಂದವು, ವಾಸನೆಯೊಂದು ಬಿಟ್ಟು. ಆ ಪೊಟ್ಟಣದಲ್ಲಿ ಏನಿತ್ತೆಂದು ತಾಯಿ ಕೊನೆಯತನಕ ಹೇಳಲಿಲ್ಲ. ಕಣ್ಣು ತೆರೆದ. ಹೆಂಗಸರೆಲ್ಲ ಅವನ ಮೂಗನ್ನೇ ನೋಡುತ್ತಿದ್ದರು. ಕೆಂಪವ್ವ ಬಗ್ಗಿ ಬುಟ್ಟಿಯನ್ನು ಸರಿಮಾಡುವವಳ ಹಾಗೆ ಅವನ ಕಿವಿಯ ಹತ್ತಿರ ಬಂದಳು.

"ಚಲೋ ಅದಾವ. ಹೂಂ ಅನ್ರಿ."

ಪಿಸುಮಾತೇ. ಆದರೆ ಉದ್ದವ್ವನ ಹುಬ್ಬು ಮೇಲಕ್ಕೆ ಹೋದದ್ದನ್ನು ಅವನು ಕಂಡ. ಕಿವಿ ಬಿಸಿಯಾಯಿತು. ಮಾವನ ಮನೆಯಲ್ಲಿ ಮಾವನ ಕುರಿ ಕಾಯುವುದು, ಮಾವನ ಹೊಲ ಉಳುವುದು, ಈಗ ಹೂಂ ಅನ್ನುವುದನ್ನೂ ಹೆಂಡತಿ ಹೇಳಿಕೊಡಬೇಕು. ಮೊದಲ ತುತ್ತು ಉಣ್ಣುವವನು ತಾನು, ಸತ್ತರೆ ಸಾಯುವವನು ತಾನು. ಮರದ ಬುಡ ನೋಡಿ ಬರುತ್ತೇನೆ, ಅಲ್ಲಿಯತನಕ ಯಾರೂ ಒಲೆ ಹೊತ್ತಿಸಬೇಡಿ ಎಂದು ಎದ್ದ. ಮೂಗು ಇಲ್ಲೇ ಇರುವಾಗ ಮರ ಯಾಕೆ ಎಂದು ಹಿಂದಿನಿಂದ ಯಾರೋ ಅಂದರು. ಅವನು ಮೂಲೆಯಲ್ಲಿದ್ದ ಕಳೆ ತೆಗೆಯುವ ಕುರಪಿ ಎತ್ತಿಕೊಂಡು ನಡೆದ.

ಹುಣಸೆ ಮರದ ಸುತ್ತ ನೆಲ ಕೆಸರಿನ ರಾಡಿಯಾಗಿತ್ತು. ಇಪ್ಪತ್ತು ಹೆಂಗಸರ ಹೆಜ್ಜೆ ಹುತ್ತವನ್ನು ತುಳಿದು ಸಪಾಟು ಮಾಡಿದ್ದವು. ಮುರಿದ ಕಾಂಡದ ತುಂಡೊಂದು ಮಣ್ಣಿನಿಂದ ಇಣುಕುತ್ತಿತ್ತು. ಕುರಪಿಯಿಂದ ಅದರ ಸುತ್ತ ಬಿಡಿಸತೊಡಗಿದ. ಒಂದು ಬೆರಳಿನಷ್ಟು ಇಳಿಯಿತು, ಎರಡು ಬೆರಳಿನಷ್ಟು ಇಳಿಯಿತು, ಇನ್ನೂ ಇಳಿಯುತ್ತಿತ್ತು. ಆಗ ಕುರಪಿಯ ಬಾಯಿ ಅದನ್ನೇ ಕತ್ತರಿಸಿತು. ಕೆಸರು ಕುಸಿದು ಗುಂಡಿ ಮುಚ್ಚಿತು. ಇನ್ನೊಂದನ್ನು ಕೈಯಿಂದ ಬಿಡಿಸಿದ. ಅದು ಉಗುರಿನಷ್ಟಕ್ಕೇ ಪುಡಿಯಾಯಿತು. ಮೂರನೆಯದು ಬೇರೋ ಹುಣಸೆಯದೇ ಎಳೆ ಬೇರೋ ತಿಳಿಯಲಿಲ್ಲ. ಬೈದ. ಯಾರಿಗೆ ಬೈದನೆಂದು ಅವನಿಗೂ ಗೊತ್ತಿರಲಿಲ್ಲ. ಸೊಂಟ ನೇರ ಮಾಡಿ ನಿಂತಾಗ ಹತ್ತು ಮಾರು ಆಚೆ ಜಾಲಿ ಮರದ ಬುಡದಲ್ಲಿ ಬೆಳ್ಳಗೆ ಏನೋ ಕಂಡಿತು. ಹೋಗಿ ನೋಡಿದ. ಅಲ್ಲಿಯೂ ಅಣಬೆ. ಕಿತ್ತರೆ ಬೇರಿಲ್ಲ, ಬುಡದಲ್ಲಿ ಗಂಟು, ಕುತ್ತಿಗೆಯಲ್ಲಿ ಬಳೆ. ಅದರ ಪಕ್ಕದಲ್ಲಿ ಹತ್ತಾರು ಕಾಂಡಗಳು ಮುರಿದಿದ್ದವು. ಮುರಿದವರು ಯಾರು? ಇವೂ ಬುಟ್ಟಿ ಸೇರಿವೆಯೇ? ಬುಟ್ಟಿಯಲ್ಲಿ ಬಳೆ ಕಂಡಿರಲಿಲ್ಲ. ಆದರೆ ಕೆಸರಿನಲ್ಲಿ ಬಳೆ ಕಳಚಿ ಬೀಳುತ್ತದೆ. ಯಾರು ಕಿತ್ತಿರಿ ಎಂದು ಕೇಳಿದರೆ ನಾನಲ್ಲ ಎಂದು ಇಪ್ಪತ್ತು ಜನರೂ ಹೇಳುತ್ತಾರೆ. ಮೂಗಿದ್ದವನಿಗೆ ಇದೆಲ್ಲ ಬೇಕಿಲ್ಲ, ಎರಡನ್ನೂ ಒಂದೊಂದು ಸಲ ಮೂಸಿ ಮನೆಗೆ ಹೋಗುತ್ತಾನೆ. ಅವನು ಎರಡನ್ನೂ ಮೂಸಿದ. ಎಡಗೈಯಲ್ಲಿ ಸಾವು, ಬಲಗೈಯಲ್ಲಿ ಸಾರು, ಎರಡೂ ನೀರಿನ ಹಾಗೆ ಇದ್ದವು. ಜಾಲಿಯ ಬುಡದ ಕಾಂಡಗಳನ್ನು ತನ್ನವೇ ಕುರಿಗಳು ಮುಂಜಾನೆ ಓಣಿಯ ಹುಡುಗರ ಜೊತೆ ಮೇವಿಗೆ ಹೋಗುವಾಗ ತುಳಿದು ಮುರಿದಿದ್ದವೆಂದು ಅವನಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಮರಳಿ ಬಂದಾಗ ಅಂಗಳದಲ್ಲಿ ಬುಟ್ಟಿಗಳು ಹೆಚ್ಚಾಗಿದ್ದವು. ಎಲ್ಲ ಮನೆಯವರೂ ತಂದು ಇಟ್ಟಿದ್ದರು. ಕೆಂಪವ್ವ ಒಂದು ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋಗಿ ಅಪ್ಪನ ಹೊರಸಿನ ಪಕ್ಕ ನಿಂತಿದ್ದಳು. ಕರೆಪ್ಪ ಬಾಗಿಲಲ್ಲಿ ನಿಂತು ನೋಡಿದ. ಮುದುಕನ ಕಣ್ಣಿನಿಂದ ನೀರು ಹರಿಯುತ್ತಿತ್ತು. ಬಾಯಿಯ ಬಲಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು. ಎಡಗೈಯನ್ನು ಎತ್ತಿ ಬುಟ್ಟಿಯ ಅಂಚಿಗೆ ಹೊಡೆದ. ಮತ್ತೆ ಹೊಡೆದ. ಎರಡು ಅಣಬೆ ನೆಲಕ್ಕೆ ಬಿದ್ದವು. ಬೇಡುತ್ತಿದ್ದಾನೆ, ಒಲೆ ಹೊತ್ತಿಸಿ ಎನ್ನುತ್ತಿದ್ದಾನೆ ಎಂದು ಉದ್ದವ್ವ ಅಂದಳು. ಇಲ್ಲ, ಚೆಲ್ಲು ಎನ್ನುತ್ತಿದ್ದಾನೆ, ಹಿಂದೆಯೂ ಹೀಗೆಯೇ ಹೊಡೆಯುತ್ತಿದ್ದನಲ್ಲ ಎಂದು ಇನ್ನೊಬ್ಬಳು. ಎಲ್ಲರೂ ಕರೆಪ್ಪನ ಕಡೆ ತಿರುಗಿದರು. ಮುದುಕನೂ ನೋಡಿದ. ಗೋಂದಿನ ಉಂಡೆ ತಿರುಗಿಸುತ್ತ ನೋಡಿದ್ದನಲ್ಲ, ಅದೇ ನೋಟ ಎಂದು ಕರೆಪ್ಪನಿಗೆ ಅನಿಸಿತು. ಇವನಿಗೆ ಗೊತ್ತು. ಮಾತು ಬರುತ್ತಿದ್ದರೆ ಇವತ್ತು ಎಲ್ಲರೆದುರು ಹೇಳಿಬಿಡುತ್ತಿದ್ದ. ಅನಿಸಿದ್ದೇ ತಡ, ಸಿಟ್ಟಿನ ಕೆಳಗೆ ಇನ್ನೊಂದು ಮೆಲ್ಲಗೆ ತಲೆ ಎತ್ತಿತು: ತುತ್ತು ಗಂಟಲಿನಲ್ಲಿ ಇಳಿಯುವುದು, ಅದಾದ ಮೇಲೆ ಕಟ್ಟೆಯ ಮೇಲೆ ಎಲ್ಲರೂ ನೋಡುತ್ತಿರಲು ಹೊಟ್ಟೆಯ ಮಾತು ಕೇಳುತ್ತ ಕೂರುವುದು. ಹನ್ನೆರಡು ವರ್ಷದ ಹಿಂದೆ ಸತ್ತ ಮೂವರು ಎರಡು ದಿನ ಕೂಗಿದ್ದರಂತೆ. ಕೆಂಪವ್ವ ಕರೆಪ್ಪನ ಕಣ್ಣನ್ನೇ ನೋಡುತ್ತ ತಲೆಯನ್ನು ಒಂದಿಷ್ಟು ಕೆಳಗೆ ಆಡಿಸಿದಳು. ಹೂಂ ಅನ್ನು ಎಂದು. ಮತ್ತೆ.

"ಚೆಲ್ಲ್ರಿ," ಎಂದ.

 ಎಲ್ಲವನ್ನೂ ಚೆಲ್ಲಬೇಕೇ ಎಂದು ಉದ್ದವ್ವ ಕೇಳಿದಳು, ಅವಳ ದನಿಯಲ್ಲಿ ಈ ಸಲ ತಮಾಷೆಯಿರಲಿಲ್ಲ. ಎಲ್ಲ ಎಂದ. ಮಾವ ಹೊಡೆದು ತೋರಿಸಿದ್ದು ಕಾಣಲಿಲ್ಲವೇ ಎಂದ. ಹೇಳುತ್ತ ಹೇಳುತ್ತ ಅದು ನಿಜವೆಂದೇ ಅವನಿಗೆ ಅನಿಸತೊಡಗಿತು, ಧ್ವನಿ ತಾನಾಗಿ ಮಾವನ ಧ್ವನಿಯಾಯಿತು. ಕೆಂಪವ್ವನ ಕೈಯಿಂದ ಬುಟ್ಟಿ ಕಿತ್ತುಕೊಂಡು ತಾನೇ ತಿಪ್ಪೆಯ ತನಕ ಹೋಗಿ ಬೋರಲು ಹಾಕಿದ. ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದು ಸುರಿದರು. ಕುರಿ ಬಾಯಿ ಹಾಕದಿರಲೆಂದು ಮೇಲೆ ಬೂದಿ ಎರಚಿದರು. ಒಬ್ಬಳು ಸುರಿಯುವ ಮುಂಚೆ ಬುಟ್ಟಿಯಲ್ಲಿ ಮುಖವಿಟ್ಟು ದೊಡ್ಡ ಉಸಿರು ಎಳೆದುಕೊಂಡದ್ದನ್ನು ಅವನು ಕಂಡ.  ಆ ಹೊತ್ತಿಗೆ ಅವನಿಗೆ ಒಂದು ಬಗೆಯ ಹಗುರವೂ ಆಗಿತ್ತು. ಮೂವರು ಸಾಯುವುದನ್ನೋ ಮೂವತ್ತು ಜನ ಸಾಯುವುದನ್ನೋ ತಪ್ಪಿಸಿದ್ದೇನೆ, ತಪ್ಪಿಸಿದ್ದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಆ ಮಧ್ಯಾಹ್ನ ಕೆಂಪವ್ವ ಅಂಬಲಿ ಕಾಸಿ ಅಪ್ಪನ ಬಾಯಿಗೆ ಹಿಡಿದಳು. ಅದು ಕೆನ್ನೆಯ ಮೇಲೆ ಇಳಿಯಿತು. ಅವಳು ಒರೆಸಿದಳು. ಗಂಡನಿಗೆ ರೊಟ್ಟಿ ಬಡಿಸಿದಳು. ಒಂದು ಮಾತೂ ಆಡಲಿಲ್ಲ. ಅವನಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಮಾತಾಡದವರ ಜೊತೆ ವಾದ ಮಾಡಲು ಬರುವುದಿಲ್ಲ. ಆದರೂ ಅವನು ರೊಟ್ಟಿ ತಿನ್ನುತ್ತ ಜಾಲಿ ಮರದ ಬುಡದ ವಿಷಯವನ್ನು ಎರಡು ಸಲ ವಿವರಿಸಿದ. ಅವಳು ಎರಡು ಸಲವೂ ಹೂಂ ಎಂದಳು.

ಮರುದಿನ ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ಮುದಕವ್ವ ಕೋಲೂರಿಕೊಂಡು ಬಂದಳು. ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ, ಆ ಓಣಿಯ ಅರ್ಧ ಮಕ್ಕಳ ಹೊಕ್ಕುಳಬಳ್ಳಿ ಕೊಯ್ದ ಸೂಲಗಿತ್ತಿ. ಕಟ್ಟೆಯ ಮೇಲೆ ಕೂತು ಏದುಸಿರು ತಣಿಸಿಕೊಂಡಳು.

"ತಮ್ಮಾ, ನಾ ನಿನ್ನಿ ಉಂಡೆ," ಎಂದಳು. "ನಂದೊಂದ ಬೊಗಸಿ ಇತ್ತು, ಸೆರಗಿನಾಗ ಕಟ್ಟಕೊಂಡ ಹೋಗಿ ಸಾರ ಮಾಡಕೊಂಡೆ. ಚಲೋ ನಿದ್ದಿ ಬಂತು. ಮುಂಜಾನೆ ಎದ್ದ ಹೊರಕಡಿಗೂ ಹೋಗಿ ಬಂದೆ. ಹೇಳೂಣಂತ ಬಂದೆ."

ಚೆಲ್ಲು ಅಂದಿರಲಿಲ್ಲವೇ ಆಯಿ, ಸತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ಅವನು ಕೇಳಿದ.

"ನಾ ಸತ್ತರ ಅಳಾವರ ಯಾರದಾರ? ಅದಕ್ಕ ನಾನ ತಿಂದ ನೋಡಿದೆ." ಅವಳು ಒಳಗೆ ಹೊರಸಿನ ಕಡೆ ನೋಡಿದಳು. "ಭೀಮ್ಯಾನ ಸಲುವಾಗಿ ಒಂದ ಬಟ್ಟಲ ತೆಗದ ಇಡಬೇಕಾಗಿತ್ತು. ನನಗೂ ಧೈರ್ಯ ಆಗಲಿಲ್ಲ. ಬದಕತೇನೋ ಇಲ್ಲೋ ಗೊತ್ತಿರಲಿಲ್ಲಲ್ಲ."

ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ಅವನು ಸಿಟ್ಟಾಗುತ್ತಿದ್ದ. ಕೆಂಪವ್ವ ಎಲ್ಲವನ್ನೂ ಕೇಳಿಸಿಕೊಂಡು, ಬುಟ್ಟಿಯನ್ನೂ ತೆಗೆದುಕೊಳ್ಳದೆ ಹುಣಸೆ ಮರದ ಕಡೆ ಓಡಿದಳು. ಅವನು ಹಿಂದೆ ಹೋದ. ಹುತ್ತದ ಮಗ್ಗುಲಲ್ಲಿ ನಿನ್ನೆ ಯಾರ ಕಣ್ಣಿಗೂ ಬೀಳದ ನಾಲ್ಕು ಅಣಬೆ ನಿಂತಿದ್ದವು. ಒಂದೇ ದಿನಕ್ಕೆ ಛತ್ರಿಯಂತೆ ಬಿಚ್ಚಿಕೊಂಡು ಕಪ್ಪಾಗಿದ್ದವು, ಮುಟ್ಟಿದರೆ ಒಳಗಿನಿಂದ ಹುಳ ಉದುರಿದವು. ಹುತ್ತದ ಅಣಬೆ ವರ್ಷಕ್ಕೆ ಒಂದೇ ದಿನದ್ದು. ಕೆಂಪವ್ವ ಕೆಸರಿನಲ್ಲಿ ಕೂತು ನಾಲ್ಕನ್ನೂ ಒಂದೊಂದಾಗಿ ಬಿಡಿಸಿ ನೋಡಿದಳು. ನಾಲ್ಕಕ್ಕೂ ಗೇಣುದ್ದದ ಬೇರಿತ್ತು, ಒಂದೂ ಮುರಿಯದೆ ಅವಳ ಕೈಗೆ ಬಂತು. ಜಾಲಿಯ ಬುಡದಲ್ಲಿ ಮುರಿದಿದ್ದವು, ನಾನೇನು ಬೇಕೆಂದು ಮಾಡಿದೆನೇ ಎಂದು ಅವನು ಮತ್ತೆ ಶುರುಮಾಡಿದ. ಎಲ್ಲರ ಜೀವ ತನ್ನ ಒಂದು ಮಾತಿನ ಮೇಲೆ ಇರುವಾಗ ಸಂಶಯ ಬಂದರೆ ಚೆಲ್ಲು ಅನ್ನಬೇಕಲ್ಲವೇ ಎಂದ. ಮೂಗು ಹಿಡಿದು ನೋಡಿದೆ, ವಾಸನೆ ಸರಿಯಿರಲಿಲ್ಲ ಎಂದ.

ಆಗ ಅವಳು ತಲೆ ಎತ್ತಿದಳು.

"ಮದಿವ್ಯಾದ ಎರಡನೇ ತಿಂಗಳ ನನಗ ಗೊತ್ತಾತು. ಅಬ್ಬಲಿಗಿ ಮುಡಕೊಂಡಿದ್ದೆ, ಘಮಾ ಐತಿ ಅಂದ್ರಿ. ಅಬ್ಬಲಿಗಿಗೆ ಘಮಾ ಎಲ್ಲಿಂದ ಬರಬೇಕು? ಅಪ್ಪಗ ಇಂಗ ತಂದಾಗ ಗೊತ್ತಾತು. ಯಾರಿಗೂ ಹೇಳಬ್ಯಾಡ, ಹುಡುಗ ಹೋಗಿಬಿಟ್ಟಾನು ಅಂದ. ಅದಕ್ಕ ನಾ ನಿನ್ನಿ ಕಿವಿಯಾಗ ಹೇಳಿದೆ. ಮೂಸಿ ನೋಡೇ ಹೇಳಿದ್ದೆ."

ಅವನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ನಾಲ್ಕು ವರ್ಷ ಹೊಳ್ಳೆ ಅರಳಿಸಿದ್ದು, ಕಣ್ಣು ಕಿರಿದು ಮಾಡಿದ್ದು, ತಡೆದು ತಡೆದು ತಲೆಯಾಡಿಸಿದ್ದು ಎಲ್ಲವನ್ನೂ ಇವರಿಬ್ಬರೂ ಸುಮ್ಮನೆ ಕೂತು ನೋಡಿದ್ದರು. ಗೊತ್ತಿದ್ದೂ ಮುಂದೆ ಬುಟ್ಟಿ ಇಟ್ಟಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೇಳಿದ್ದರೆ ನೀವು ಇಲ್ಲಿ ಇರುತ್ತಿದ್ದಿರಾ ಎಂದು ಅವಳು ಕೇಳಿದಳು. ಇರುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನು ಅವಳು ತನಗಿಂತ ಮೊದಲೇ ತಿಳಿದಿದ್ದಳು ಎಂಬುದೇ ಅವನಿಗೆ ತಡೆದುಕೊಳ್ಳಲಾಗದ್ದಾಗಿತ್ತು. ಹಾಗಾದರೆ ಮುದುಕನ ನೋಟದಲ್ಲಿದ್ದದ್ದು ಏನು? ಆ ಕಣ್ಣೀರು, ಆ ಜೊಲ್ಲು? ಹಸಿದವನ ಬಾಯಿಯಲ್ಲಿ ನೀರು ಬರುತ್ತದೆ, ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ಅದಕ್ಕೆ ಮೂಗು ಬೇಕಿರಲಿಲ್ಲ. ಅವನು ಹಾಗೆಂದು ಅವಳಿಗೆ ಹೇಳಬೇಕೆಂದುಕೊಂಡ. ಬಾಯಿ ತೆರೆದಾಗ ಬಂದದ್ದು ಬೇರೆ ಮಾತು: ಕುರಿ ಬಿಡುವ ಹೊತ್ತಾಯಿತು. ಅವಳು ಎದ್ದು ಸೀರೆಯ ಕೆಸರು ಕೊಡವಿಕೊಂಡು ಮುಂದೆ ನಡೆದಳು. ಅವನು ಹತ್ತು ಹೆಜ್ಜೆ ಹಿಂದೆ ನಡೆದ. ಮನೆಯಲ್ಲಿ ಮುದುಕ ಎಚ್ಚರವಾಗಿದ್ದ. ಅಳಿಯ ಒಳಗೆ ಬಂದಾಗ ಎಡಗೈ ಎತ್ತಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಕರೆಪ್ಪ ಅಂಬಲಿಯ ಬಟ್ಟಲು ತೆಗೆದುಕೊಂಡು ಮೊದಲ ಸಲ ತಾನೇ ಅವನ ಪಕ್ಕ ಕೂತ. ತುಟಿ ಬಿಡಿಸಿದ. ಹಲ್ಲು ಬಿಗಿಯಾಗಿದ್ದವು. ಇನ್ನೊಮ್ಮೆ ಪ್ರಯತ್ನಿಸಿದ, ಸ್ವಲ್ಪ ಜೋರು ಮಾಡಿಯೇ. ಚಮಚೆ ಹಲ್ಲಿಗೆ ತಾಗಿ ಸದ್ದಾಯಿತು. ಹಾಗೆ ಮಾಡಬೇಡಿ ಎಂದು ಕೆಂಪವ್ವ ಅವನ ಕೈಯಿಂದ ಬಟ್ಟಲು ತೆಗೆದುಕೊಂಡಳು.

ಹೋದದ್ದು ಇಷ್ಟು: ಹನ್ನೆರಡು ಮನೆಗಳ ಹದಿನಾಲ್ಕು ಬುಟ್ಟಿ ಅಣಬೆ, ಅಂದೇ; ಭೀಮರಾಯ, ಅದಾದ ಒಂಬತ್ತನೆಯ ದಿನ, ಏನೂ ಉಣ್ಣದೆ; ಮೊದಲ ತುತ್ತಿನ ಹಕ್ಕು, ಅದು ಮುಂದಿನ ಮಳೆಗಾಲಕ್ಕೆ ಎದುರು ಮನೆಯ ಪರಸಪ್ಪನಿಗೆ ಹೋಯಿತು.